ಖಾಲಿ ಮನೆಯನ್ನು ತೂಗಿದವರಿಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನಮ್ಮ ಮನೆ-ವ್ಯಾನನ್ನು ಖಾಲಿ ಇದ್ದಾಗ ತೂಗಿ ‘ಯೋಗ್ಯ’ ಎಂದಿರಿ. ತುಂಬಿದಾಗ ಉರುಳಿದ್ದಕ್ಕೆ ‘ಅತಿಭಾರ, ಚಾಲಕನ ನಿರ್ಲಕ್ಷ್ಯ’ ಎಂದು ಬರೆದಿರಿ. ಆ ಚಾಲಕ ನನ್ನ ಗಂಡ ಅಶ್ವಥ್. ಅವರೇ ಸತ್ತಿದ್ದರಿಂದ ಕಡತವೂ ಮುಚ್ಚಿತು. ಎಷ್ಟು ಅನುಕೂಲ ನೋಡಿ!

ಹಾರೋಹಳ್ಳಿಯ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಅವರು ಹಳೆಯ ಮಿನಿಬಸ್ಸಿನೊಳಗೆ ಮಂಚ, ಒಲೆಕಟ್ಟೆ, ನೀರಿನ ಟ್ಯಾಂಕು ಕೂರಿಸಿದ್ದರು. ತಪಾಸಣೆಗೆ ಬಂದ ನಿಮ್ಮವರು ಆ ಮಂಚದ ಮೇಲೆ ಕೂತು, “ಸಂಸಾರನೇ ಹೂಡ್ಬೋದು ಕಣ್ರೀ ಇದ್ರಲ್ಲಿ” ಎಂದು ಹೊಗಳಿದರು. ಎಷ್ಟು ಭಾರದ ಸಂಸಾರ ಎಂದು ಮಾತ್ರ ಹೇಳಲಿಲ್ಲ.

ಮೊದಲ ಪ್ರಯಾಣವೇ ಕಬ್ಬಾಳಮ್ಮನ ಹರಕೆಗೆ. ದೇವರ ಎಡೆಯನ್ನು ನಮ್ಮ ಹೊಲದ ಕಲ್ಲಿನಿಂದಲೇ ಒಲೆ ಹೂಡಿ, ನಮ್ಮ ಬಾವಿ ನೀರಲ್ಲೇ ಬೇಯಿಸುವುದು ನಮ್ಮ ಮನೆತನದ ಪದ್ಧತಿ. “ಒಸಿ ಜಾಸ್ತೀನೇ ತುಂಬ್ಕಳ್ಲಾ, ಕಂಡೋರ ನೀರು ಅಮ್ಮಂಗೆ ಆಗಾಕಿಲ್ಲ” ಎಂದರು ಅತ್ತೆ ಬೋರಮ್ಮ. ಟ್ಯಾಂಕು ತುಂಬಿತು. ಕ್ಯಾನುಗಳು, ಒಲೆಗಲ್ಲು, ಸೌದೆ, ಅಕ್ಕಿಮೂಟೆ ಎಲ್ಲವೂ ಹಿಂಬದಿಗೆ ಹೋದವು. ಭಾರವಾಯಿತೇನೋ ಎಂದೆ. “ಲೇ, ಇದು ಮನೆ ಕಣೇ. ಮನೆಯೊಳ್ಗೆ ಸಾಮಾನು ಇಡಾಕೆ ಯಾರ್ನಾದ್ರೂ ಕೇಳ್ತಾರಾ?” ಎಂದು ನನ್ನ ಗಂಡ ನಕ್ಕರು.

ಕಬ್ಬಾಳು ಬೆಟ್ಟ ಕಾಣುತ್ತಿದ್ದಂತೆ ಹಿಂದಿನ ಟೈರು ಸಿಡಿಯಿತು. ಗಾಡಿ ಅವರ ಕಡೆಗೇ ಮಗುಚಿತು. ನಾನೂ ಅತ್ತೆಯೂ ಬದುಕಿದೆವು, ಅಯ್ಯೋ, ಯಾಕಾದರೂ ಬದುಕಿದೆವೋ.

ಒಟ್ಟು ತೂಕ ಆರ್‌ಸಿಯಲ್ಲೇ ಇದೆ ಎನ್ನುತ್ತೀರಿ. ಇರಲಿ ಸ್ವಾಮಿ. ಮಂಚ, ಕಪಾಟುಗಳು ತಿಂದಿದ್ದು ಹೋಗಿ ನಮಗೆ ಉಳಿದದ್ದೆಷ್ಟು? ನೀರಿಗೂ ತೂಕವಿದೆ, ಎಲ್ಲವನ್ನೂ ಹಿಂದಕ್ಕೇ ಹೇರಬಾರದು ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಮರಳು ಲಾರಿಯ ಮೈಮೇಲೆ ಬರೆಸುವ ತೂಕದ ಅಂಕಿ, ಮನುಷ್ಯರು ಮಲಗುವ ಗಾಡಿಗೆ ಬೇಡವೇ?

ಇನ್ನು ಮುಂದೆ ಇಂಥ ಗಾಡಿಯನ್ನು ನೀರು ತುಂಬಿಸಿ, ಜನರನ್ನು ಕೂರಿಸಿ ತೂಗಿ. ಇನ್ನೆಷ್ಟು ಹೇರಬಹುದೆಂದು ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಿ. ‘ನಿರ್ಲಕ್ಷ್ಯ’ ಎಂಬ ಪದವನ್ನು ಹೊಡೆದುಹಾಕಿ. ಅವರು ನಿರ್ಲಕ್ಷ್ಯದವರಲ್ಲ, ತಾಯಿಯ ಮಾತು ಮೀರದವರು.

ಆಮೇಲೆ ಒಮ್ಮೆ ನಮ್ಮ ಮನೆಗೆ ಬನ್ನಿ. ಅತ್ತೆ ಈಗ ಆ ಬಾವಿಯ ನೀರು ಮುಟ್ಟುವುದಿಲ್ಲ. “ನಾನು ತುಂಬ್ಸಿದ್ ನೀರೇ ನನ್ ಮಗನ್ನ ತಿಂತೇನವ್ವಾ?” ಎಂದು ದಿನವೂ ಕೇಳುತ್ತಾರೆ. ತೂಗಿದವರು ನೀವು, ನೀವೇ ಹೇಳಿ.

ಇಂತಿ,
ಖಾಲಿ ಇದ್ದಾಗ ಮಾತ್ರ ಯೋಗ್ಯವಾಗಿದ್ದ ಮನೆಯೊಡತಿ,
ರಾಧಾಮಣಿ, ಕಲ್ಯ