ಒಳಗಿರುವವರಿಗೆ ಹೇಳುವ ಮಾತು

ಗುರುವಾರ, ಮಧ್ಯಾಹ್ನ
ಆಫೀಸಿನಿಂದ

ಪ್ರೀತಿಯ ಅಕ್ಕನಿಗೆ ನಿನ್ನ ಪುಟ್ಟಿಯ ನಮಸ್ಕಾರ.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಯಾರೋ ಒಬ್ಬರು ಎಲ್ಲೋ ಒಂದು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ಬಸ್ಸು ಹತ್ತಿದರೆ ತಲುಪುವಷ್ಟು ಹತ್ತಿರವಿದ್ದುಕೊಂಡು ಕಾಗದ ಬರೆಯುವ ಅಕ್ಕತಂಗಿಯರು ಈ ಊರಿನಲ್ಲಿ ನಾವಿಬ್ಬರೇ ಇರಬೇಕು. ಏನು ಮಾಡಲಿ, ಮನೆಗೆ ಹೋದ ಕೂಡಲೇ ಇವರು ಕೈ ಚಾಚಿ ನನ್ನ ಫೋನು ಇಸಿದುಕೊಂಡು, ಯಾರಿಗೆ ಮಾಡಿದೆ, ಯಾರು ಮಾಡಿದರು ಎಂದು ನೋಡುತ್ತಾರೆ. ಕಾಗದವಾದರೆ ಆಫೀಸಿಗೇ ಬರುತ್ತದೆ, ಆಫೀಸಿನಿಂದಲೇ ಹೋಗುತ್ತದೆ.

ಭಾವನ ಮಂಡಿನೋವು ಕಡಿಮೆಯಾಗಿದ್ದು, ದೊಡ್ಡವಳು ಪರೀಕ್ಷೆ ಚೆನ್ನಾಗಿ ಬರೆದಿದ್ದು, ನೀನು ನಡುಮನೆಗೆ ಹೊಸ ಪರದೆ ಹಾಕಿಸಿದ್ದು ಎಲ್ಲ ಓದಿ ಸಂತೋಷವಾಯಿತು. ನಾನು ಕೇಳಿದ್ದು ಮಾತ್ರ ಒಂದೇ ವಿಷಯ. ಸ್ವಲ್ಪ ದಿನ ನಿನ್ನ ಮನೆಗೆ ಬಂದಿರಲೇ ಎಂದು. ಅದಕ್ಕೆ ನೀನು ನಾಲ್ಕು ಪುಟ ದಾಟಿ ಕೊನೆಯ ಸಾಲಿನಲ್ಲಿ, "ತಾಳ್ಮೆಯಿಂದ ಇರು ಪುಟ್ಟಿ, ಎಲ್ಲ ನಿಧಾನವಾಗಿ ಸರಿಹೋಗುತ್ತೆ" ಎಂದು ಬರೆದಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಗುವ ಸುದ್ದಿ ಹೇಳಿಬಿಡುತ್ತೇನೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಬಿಡಿಸಿ ಕೇಳಿಲ್ಲ. ಲಿಫ್ಟು ಮಧ್ಯದಲ್ಲಿ ನಿಂತುಹೋದಾಗ ಒಳಗಿರುವವರು ಕೆಂಪು ಗುಂಡಿ ಒತ್ತುತ್ತಾರಲ್ಲ, ಆ ಗಂಟೆ ಹೊಡೆಯುವುದು ನನ್ನ ಕಿವಿಯಲ್ಲಿ. ಗಂಟೆ ಹೊಡೆದ ತಕ್ಷಣ ಮೊದಲು ಮೆಕ್ಯಾನಿಕ್‌ಗೆ ಸುದ್ದಿ ಮುಟ್ಟಿಸಬೇಕು. ಅವನನ್ನು ನಾವೆಲ್ಲ ಸ್ಪ್ಯಾನರ್ ಮಾಮ ಎನ್ನುತ್ತೇವೆ. ಅವನು ಹೊರಟ ಎಂದ ಮೇಲೆಯೇ ಒಳಗಿರುವವರ ಜೊತೆ ನಮ್ಮ ಮಾತು ಶುರು. ಮೊದಲ ಮೂರು ವಾಕ್ಯ ಇಂಗ್ಲಿಷಿನಲ್ಲೇ ಆಗಬೇಕೆಂದು ಕಂಪನಿಯ ಹಟ.

ಆ ಮೂರು ವಾಕ್ಯ ತಿದ್ದುವುದಕ್ಕೆಂದೇ ಹೆಡ್ ಆಫೀಸಿನಿಂದ ಒಬ್ಬ ಮೇಷ್ಟ್ರು ಬಂದಿದ್ದಾರೆ. ನಾವು ಅವರಿಗೆ ಜೋಡಿ ಮೇಷ್ಟ್ರು ಎಂದು ಹೆಸರಿಟ್ಟಿದ್ದೇವೆ. "ನೋಡೀಮ್ಮಾ, ಇಂಗ್ಲಿಷಲ್ಲಿ ಕ್ರಿಯಾಪದ ಒಂಟಿಯಾಗಿ ಬೀದಿಗಿಳೀಬಾರದು, ಜೊತೆಗೊಂದು ವಿಶೇಷಣ ಇರಬೇಕು. ಬರೀ ವೇಟ್ ಅಂದ್ರೆ ಗದರಿಸಿದ ಹಾಗಾಗುತ್ತೆ. ವೇಟ್ ಪೇಶಂಟ್ಲಿ ಅನ್ನಿ, ಹಿತವಾಗಿರುತ್ತೆ. ಬ್ರೀದ್ ಡೀಪ್ಲಿ, ಲಿಸನ್ ಕೇರ್‌ಫುಲಿ, ಇವೆಲ್ಲ ಹಿಂದೆ ಬರೋವು. ಸಿನ್ಸಿಯರ್ಲಿ ಅಪಾಲಜೈಸ್, ಫುಲ್ಲಿ ಅಂಡರ್‌ಸ್ಟ್ಯಾಂಡ್, ಇವು ಮುಂದೆ ನಡೆಯೋವು" ಎಂದರು. ನನ್ನ ಪಕ್ಕದ ಸೀಟಿನವಳ ಹೆಸರು ಲೌಡ್‌ಸ್ಪೀಕರ್, ಅವಳು ಪಿಸುಗುಟ್ಟಿದರೂ ಮೇಲಿನ ಮಹಡಿಗೆ ಕೇಳುತ್ತದೆ. "ನಮ್ಮನೇಲಿ ನಾನೇ ಮುಂದೆ ಸಾರ್, ನಮ್ಮ ಯಜಮಾನ್ರು ಹಿಂದೆ" ಎಂದಳು. ಆಮೇಲೆ ಅಭ್ಯಾಸ ಮಾಡುವಾಗ ಎದ್ದು ನಿಂತು ಗಟ್ಟಿಯಾಗಿ "ವಿ ಸ್ಟ್ರಾಂಗ್ಲಿ ಅಪಾಲಜೈಸ್" ಎಂದುಬಿಟ್ಟಳು. ಮೇಷ್ಟ್ರು ತಲೆ ಹಿಡಿದುಕೊಂಡು, "ಏನಮ್ಮಾ, ಎರಡೇಟು ಹಾಕಿ ಕ್ಷಮೆ ಕೇಳ್ತೀಯಾ?" ಎಂದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಯಾಕೆ ಸಾರ್, ಸ್ಟ್ರಾಂಗ್ಲಿ ಯಾಕೆ ಬರಬಾರದು ಎಂದು ನಾನೇ ಕೇಳಿದೆ. "ಯಾಕೆ ಅಂತಿಲ್ಲಮ್ಮ. ಸ್ಟ್ರಾಂಗ್ಲಿ ಹೋಗೋದು ಅಡ್ವೈಸ್ ಜೊತೆ, ರೆಕಮೆಂಡ್ ಜೊತೆ. ಬಳಸಿ ಬಳಸಿ ಜೋಡಿ ಬಿದ್ದಿವೆ. ನಾವು ಬಿಕ್ಕಿ ಬಿಕ್ಕಿ ಅಳ್ತೀವಿ, ಬಿಕ್ಕಿ ಬಿಕ್ಕಿ ನಗ್ತೀವಾ? ದುರುಗುಟ್ಟಿ ನೋಡ್ತೀವಿ, ದುರುಗುಟ್ಟಿ ಉಣ್ತೀವಾ?" ಎಂದರು. ಅವತ್ತಿನಿಂದ ನನಗೊಂದು ಚಾಳಿ ಹತ್ತಿಕೊಂಡಿದೆ, ಕಂಡಿದ್ದಕ್ಕೆಲ್ಲ ಜೋಡಿ ಹುಡುಕುವುದು.

ಇವರು ಬೀಗ ಹಾಕುವುದಕ್ಕೂ ಹುಡುಕಿದೆ. ರಜೆಯ ದಿನ ಇವರು ಹೊರಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ ಎಂದು ಹೋದ ಸಲವೇ ಬರೆದಿದ್ದೆ. ನನಗೆ ಅದರ ಕೀಲಿ ಇಲ್ಲ. ಕೈ ಎತ್ತುವುದಿಲ್ಲ, ಕೂಗಾಡುವುದಿಲ್ಲ, ಅದನ್ನೂ ಬರೆದಿದ್ದೆ. "ಕಾಲ ಸರಿಯಿಲ್ಲ ಪುಟ್ಟಿ, ನಿನ್ನ ಒಳ್ಳೇದಕ್ಕೇ ಅಲ್ವಾ" ಎಂದು ಮೆಲ್ಲಗೆ ಹೇಳುತ್ತಾ, ಬಾಗಿಲು ಎಳೆದುಕೊಂಡು, ಬೀಗವನ್ನೊಮ್ಮೆ ಜಗ್ಗಿ ನೋಡಿ ಮೆಟ್ಟಿಲಿಳಿಯುತ್ತಾರೆ. ಮೆಲ್ಲಗೆ ಬೀಗ ಹಾಕುವುದು. ಈ ಜೋಡಿಯನ್ನು ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಕೆಳಗಿನ ಮನೆಯವರ ಪರದೆಗೆ ಬೆಂಕಿ ಹತ್ತಿ ಹೊಗೆಯೆಲ್ಲ ಮೇಲಕ್ಕೆ ನುಗ್ಗಿದ ಭಾನುವಾರವೂ ಹೀಗೇ ಬೀಗ ಬಿದ್ದಿತ್ತು, ಅದು ನಿನಗೆ ಗೊತ್ತು. ಅವರೇ ನೀರು ಸುರಿದು ಆರಿಸಿಕೊಂಡರು. ಸಂಜೆ ಇವರು ಬಂದು ಬೀಗ ತೆಗೆದು, ಕರಿಹಿಡಿದ ಗೋಡೆ ನೋಡಿ, "ಸದ್ಯ, ಏನೂ ಆಗಿಲ್ವಲ್ಲ" ಎಂದರು. ನಿಜ, ಏನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ನನಗೆ ಆ ಮನೆಯೊಳಗೆ ಉಸಿರು ಪೂರ್ತಿ ಇಳಿಯುತ್ತಿಲ್ಲ ಅಕ್ಕ.

ತಾಳು, ಗಂಟೆ ಹೊಡೆಯಿತು.

ಬಂದೆ. ಈಗ ಸಿಕ್ಕಿಕೊಂಡಿದ್ದು ಒಬ್ಬ ವಯಸ್ಸಾದ ಟೈಲರಮ್ಮ. ಹೊಲಿದ ಬಟ್ಟೆ ಕೊಡಲು ಹೊರಟಿದ್ದಳಂತೆ, ಎರಡು ಮಹಡಿಗಳ ನಡುವೆ ಲಿಫ್ಟು ನಿಂತಿದೆ, ದೀಪವೂ ಆರಿದೆ. ಸ್ಪ್ಯಾನರ್ ಮಾಮನನ್ನು ಹೊರಡಿಸಿ, ನನ್ನ ಮೂರು ವಾಕ್ಯ ಒಪ್ಪಿಸಿದೆ. ಸಿನ್ಸಿಯರ್ಲಿ ಅಪಾಲಜೈಸ್, ಫುಲ್ಲಿ ಅಂಡರ್‌ಸ್ಟ್ಯಾಂಡ್, ವೇಟ್ ಪೇಶಂಟ್ಲಿ. ಆ ಕಡೆಯಿಂದ ಬರೀ ಏದುಸಿರು. ಕನ್ನಡದಲ್ಲಿ ಹೇಳಿದೆ, "ಗಾಬರಿಯಾಗಬೇಡಿ ಅಮ್ಮ, ಸಮಾಧಾನವಾಗಿ ಕಾಯಿರಿ."

"ನಿನ್ನ ಮಾತೇನೋ ಚೆನ್ನಾಗಿದೆ ಕಣಮ್ಮ," ಎಂದಳು. "ಯಾರು ಬರ್ತಾ ಇದ್ದಾರೆ, ಅದನ್ನ ಹೇಳು."

"ಮೆಕ್ಯಾನಿಕ್ ಬರ್ತಿದ್ದಾರೆ."

"ಎಂಥವನು? ನೀನು ನೋಡಿದೀಯಾ?"

"ನೋಡಿದೀನಿ ಅಮ್ಮ. ನೀಲಿ ಅಂಗಿ, ಬಿಳಿ ಮೀಸೆ, ಎಡಗಾಲು ಸ್ವಲ್ಪ ಕುಂಟ್ತಾನೆ. ಹೊರಟಾಯ್ತು. ಈಗ ಮಾರ್ಕೆಟ್ ತಿರುವಿನಲ್ಲಿದ್ದಾನೆ."

ಆಗ ಅವಳ ಉಸಿರು ಹದಕ್ಕೆ ಬಂತು, ನನ್ನ ಕಿವಿಗೇ ಗೊತ್ತಾಯಿತು. ಆಮೇಲೆ ಅವನು ಎಲ್ಲಿಗೆ ಬಂದ, ಸಿಗ್ನಲ್ ದಾಟಿದನಾ, ಗಾಡಿ ನಿಲ್ಲಿಸಿದನಾ ಎಂದು ಕೇಳುತ್ತಲೇ ಇದ್ದಳು. ಅವನ ಗಾಡಿ ಎಲ್ಲಿದೆಯೆಂದು ನನ್ನ ಸ್ಕ್ರೀನಿನ ಮೇಲೆ ಕಾಣುತ್ತದೆ, ನಾನೂ ನೋಡಿ ಹೇಳುತ್ತಲೇ ಇದ್ದೆ. ನಡುವೆ "ನೀನೂ ಒಂದು ಡಬ್ಬೀಲೇ ಕೂತ ಹಾಗಿದೆಯಲ್ಲಮ್ಮ, ನಿನ್ನ ಕಡೆ ಗಾಳಿ ಸದ್ದೂ ಇಲ್ಲ" ಎಂದಳು. ನಮ್ಮ ರೂಮಿಗೆ ಕಿಟಕಿಯಿಲ್ಲ ಎಂದೆ. ಬಾಗಿಲು ಕಟಕಟ ಸದ್ದು ಮಾಡಿ ತೆರೆಯಿತು. ಹೊರಗೆ ಕಾಲಿಟ್ಟವಳು ಮತ್ತೆ ತಲೆ ಒಳಗೆ ಹಾಕಿ, "ಬಂದ ಕಣಮ್ಮ, ನೀನಂದ ಹಾಗೇ ಕುಂಟ್ತಾನೆ" ಎಂದು ಹೇಳಿ ಹೋದಳು.

ಈಗ ನಿನ್ನ ಕೊನೆಯ ಸಾಲಿಗೆ ಬರುತ್ತೇನೆ. ಅದಕ್ಕೂ ಇಂಗ್ಲಿಷಿನಲ್ಲಿ ಒಂದು ಜೋಡಿ ಇದೆಯಂತೆ, ಪೊಲೈಟ್ಲಿ ಡಿಕ್ಲೈನ್. ನಯವಾಗಿ ಒಲ್ಲೆ ಎನ್ನುವುದು. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದಾಗ ನಿನ್ನ ಕಾಗದ ನನ್ನ ಬ್ಯಾಗಿನಲ್ಲಿತ್ತು. ನನಗೆ ಸಿಟ್ಟು ಬಂತು ಅಕ್ಕ, ಮುಚ್ಚಿಟ್ಟು ಏನು ಪ್ರಯೋಜನ. ಭಾವನಿಗೆ ಇಷ್ಟವಿಲ್ಲವೋ, ನಾಲ್ಕು ಜನ ಏನೆನ್ನುತ್ತಾರೋ ಎಂಬ ಅಂಜಿಕೆಯೋ, ಇದ್ದರೆ ಹಾಗೇ ಬರೆಯಬಹುದಿತ್ತು. ಬೇಡ ಎನ್ನುವುದಕ್ಕೆ ಜೋಡಿ ಪದವೇನೂ ಬೇಕಾಗಿರಲಿಲ್ಲ.

ಆಫೀಸಿನಿಂದಲೇ ಎಲ್ಲಾದರೂ ಹೋಗಿಬಿಡಬಾರದಾ ಎಂದು ಲೌಡ್‌ಸ್ಪೀಕರ್ ಕೇಳಿದಳು, ಪಾಪ, ತನ್ನ ಕೈಲಾದಷ್ಟು ಮೆಲ್ಲಗೆ. ಬೆಳಿಗ್ಗೆ ಇವರೇ ಬಿಟ್ಟು ಹೋಗುತ್ತಾರೆ, ಸಂಜೆ ಇವರೇ ಗೇಟಿನ ಹತ್ತಿರ ನಿಂತಿರುತ್ತಾರೆ. ಮಧ್ಯಾಹ್ನ ತಪ್ಪಿಸಿಕೊಂಡು ಹೊರಡಬಹುದು, ಅದು ಕಷ್ಟವಲ್ಲ. ಆದರೆ ಎಲ್ಲಿಗೆ? ಅಮ್ಮ ಹೋದ ಮೇಲೆ ನಾನು ತಟ್ಟಬಹುದಾದ ಇನ್ನೊಂದು ಬಾಗಿಲು ಅಂತಿದ್ದರೆ ನಿನ್ನದೇ. ಅದನ್ನು ನೀನು ತೆಗೆಯುತ್ತೀಯೋ ಇಲ್ಲವೋ ತಿಳಿಯದೆ ಹೊರಟು, ಸಂಜೆ ಮತ್ತೆ ಇದೇ ಗೇಟಿಗೆ ವಾಪಸು ಬರುವಂತಾದರೆ, ಆಮೇಲೆ ಇವರು ನನ್ನನ್ನು ಕೆಲಸಕ್ಕೂ ಕಳಿಸುವುದಿಲ್ಲ. ಬಾ ಅಥವಾ ಬೇಡ, ಎರಡರಲ್ಲೊಂದು ಬರೆ. ಆಫೀಸಿನ ವಿಳಾಸಕ್ಕೇ ಬರೆ.

ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ ತಿಳಿಸು. ದೊಡ್ಡವಳು ಮುಂದೆ ಏನು ಬೇಕಾದರೂ ಓದಲಿ, ಅವಳ ಮನೆಯ ಕೀಲಿ ಅವಳ ಕೈಯಲ್ಲೇ ಇರಲಿ. ಭಾವನಿಗೆ ನಮಸ್ಕಾರ. ನೀನು ಚೆನ್ನಾಗಿರು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಮನಸ್ಸು ತಡೆಯುತ್ತಿಲ್ಲ. ಹೊಗೆ ನುಗ್ಗಿದ ದಿನ ಇವರು ಫೋನ್ ತೆಗೆಯದಿದ್ದಾಗ ನಿನಗೆ ಮಾಡಿದೆನಲ್ಲ, ನೀನು ಏನು ಹೇಳಿದೆ ನೆನಪಿದೆಯಾ? "ಗಾಬರಿಯಾಗಬೇಡ ಪುಟ್ಟಿ, ಕಿಟಕಿ ಹತ್ತಿರ ನಿಂತು ಆಳವಾಗಿ ಉಸಿರಾಡು, ಸಮಾಧಾನವಾಗಿ ಕಾಯಿ" ಎಂದೆ. ನಾನು ದಿನವೂ ಹೇಳುವ ಮಾತೇ. ಅದನ್ನು ಕೇಳಿ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ? ನಮ್ಮ ಆಫೀಸಿನಲ್ಲಿ ಆ ಮಾತು ಹೇಳುವುದು ಬರುವವರು ಹೊರಟ ಮೇಲೆಯೇ. ಅಕ್ಕ ಮೊದಲನೇ ಬಸ್ಸು ಹತ್ತಿರುತ್ತಾಳೆ, ಈಗ ಎರಡನೆಯದರಲ್ಲಿರುತ್ತಾಳೆ ಎಂದುಕೊಂಡು, ಒದ್ದೆ ಟವೆಲು ಮೂಗಿಗೆ ಒತ್ತಿ ಹಿಡಿದು, ಕಿಟಕಿ ಬಿಟ್ಟು ಬಾಗಿಲ ಹತ್ತಿರವೇ ಕೂತೆ, ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಸದ್ದು ಕೇಳಲಿ ಎಂದು. ಸಂಜೆಯವರೆಗೂ ಅಲ್ಲೇ ಕೂತಿದ್ದೆ.