ಗಂಟೆಯ ಮೇಲಿಟ್ಟ ಕೈ

ಡೆರಿಗೋರ್,
1764, ಫೆಬ್ರವರಿ.

ಡೆರಿಗೋರಿನ ಒಡೆಯರೂ ಬ್ಯಾರನೆಟ್ಟರೂ ಆದ ಸರ್ ರೆಡ್ಮಂಡ್ ಲೈನಾಕ್ ಅವರಿಗೆ,

ಬಿರುದು ಬಾವಲಿಗಳೆಲ್ಲ ಸರಿಯಾಗಿ ಬಂದಿವೆಯೇ ನೋಡಿಕೊ. ಕಡೆಯ ಸಲ ಬರೆಯುತ್ತಿದ್ದೇನೆ, ಅದಕ್ಕೇ ಒಂದೂ ಬಿಡಲಿಲ್ಲ. ಇಲ್ಲಿಂದ ಮುಂದೆ ನೀನು ನನಗೆ ತಮ್ಮ, ಅಷ್ಟೆ. ಅಮ್ಮ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನನ್ನ ಸೊಂಟ ಇವತ್ತಿಗೂ ಒಂದು ಕಡೆಗೆ ವಾಲುತ್ತದೆ, ಅದು ನಿನ್ನ ಭಾರಕ್ಕೆ.

ಡಬ್ಲಿನ್ನಿನಲ್ಲಿ ಚಳಿಗಾಲದ ಕುಣಿತ, ಔತಣ ಜೋರಾಗಿ ನಡೆದಿದೆಯಂತೆ. ನಡೆಯಲಿ. ಒಂದು ಕುರ್ಚಿ ಎಳೆದುಕೊಂಡು ಕೂತು ಓದು. ಈ ಪತ್ರದ ಒಂದು ಪ್ರತಿ ನನ್ನ ವಕೀಲನಿಗೂ ಹೋಗುತ್ತದೆ. ಹೌದು, ನನಗೂ ಒಬ್ಬ ವಕೀಲನಿದ್ದಾನೆ. ಅವನ ಸಲುವಾಗಿ, ನಿನಗೆ ಚೆನ್ನಾಗಿ ಗೊತ್ತಿರುವುದನ್ನೂ ಬಿಡಿಸಿ ಬರೆದಿದ್ದೇನೆ. ಆಕಳಿಸಬೇಡ, ಕಡೆಯವರೆಗೂ ಓದು.

ಹದಿನಾರು ವರ್ಷದ ಹಿಂದಿನ ಮಾತು. ನಿನಗೆ ಇಪ್ಪತ್ತೊಂದು ತುಂಬಿದ ವಾರ. ಅಪ್ಪ ನಮ್ಮ ಮೂವರನ್ನೂ ಊಟದ ಮನೆಗೆ ಕರೆದು ಬಾಗಿಲು ಹಾಕಿಸಿದರು. ನೀನು, ನಾನು, ಹದಿನೇಳರ ಫೆಸ್ಟಸ್. ನಮ್ಮಂಥ ಕ್ಯಾಥೊಲಿಕ್ ಮನೆಯ ಜಮೀನು ಅಪ್ಪ ಸತ್ತ ದಿನ ಗಂಡುಮಕ್ಕಳಿಗೆಲ್ಲ ಸಮಪಾಲಾಗಿ ಒಡೆಯಬೇಕು, ಆದರೆ ಹಿರಿಯ ಮಗ ರಾಜನ ಪ್ರಾಟೆಸ್ಟಂಟ್ ಮತಕ್ಕೆ ತಿರುಗಿದರೆ ಪೂರ್ತಿ ಅವನೊಬ್ಬನದೇ, ಇದು ಕಾನೂನು. ನಾವು ಚೂರು ಚೂರಾಗಿ ಸಾಯಲಿ ಎಂದೇ ಮಾಡಿದ ಕಾನೂನು.

"ಇವತ್ತು ಎರಡು ಪಾಲು, ನಿಮ್ಮ ಮಕ್ಕಳ ಕಾಲಕ್ಕೆ ಎಂಟು ಪಾಲು. ಆಮೇಲೆ ಮೊಮ್ಮಕ್ಕಳಿಗೆ ಒಂದೊಂದು ಆಲೂಗೆಡ್ಡೆ ಮಡಿ ಕೊಟ್ಟು ಕೂರ್ಸಿ," ಎಂದರು ಅಪ್ಪ. "ರೆಡ್ಮಂಡ್, ನೀನು ಹಿರಿಯ. ನೀನು ತಿರುಗು. ಹೆಸರಿಗೆ ನಿಂದು, ಒಳಗೆ ಇಬ್ಬರದೂ."

ನೀನು ಅತ್ತೆ. ನಿಜವಾಗಿ ಅತ್ತೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಅಪ್ಪಾ, ನಾನು ನರಕಕ್ಕೆ ಹೋಗ್ತೀನಲ್ಲಪ್ಪಾ," ಎಂದೆ.

"ಮನೆಗೊಬ್ಬ ಹೋದ್ರೆ ಉಳಿದೋರು ಆರಾಮಾಗಿರ್ತಾರೆ. ಹೋಗು," ಎಂದರು ಅಪ್ಪ. ಫೆಸ್ಟಸ್ ನಿನ್ನ ಬೆನ್ನು ತಟ್ಟಿ, "ಅಲ್ಲಿ ನಿಂಗೆ ಬೇಜಾರಾಗಲ್ಲ ಬಿಡಣ್ಣ, ಅರ್ಧ ಜಿಲ್ಲೆಯ ಜಮೀನ್ದಾರರು ಅಲ್ಲೇ ಸಿಗ್ತಾರೆ," ಎಂದ. ಅಳುತ್ತಿದ್ದ ನೀನೂ ನಕ್ಕೆ. ನಾವು ನಾಲ್ವರೂ ಒಟ್ಟಿಗೆ ನಕ್ಕದ್ದು ಅದೇ ಕಡೆ.

ಆಮೇಲೆ ಮುದುಕ ಮೇನಸ್ ಸಂತನ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ತಂದ. ತಲೆತಲಾಂತರದಿಂದ ಅವನ ಮನೆಯವರೇ ಅದನ್ನು ಕಾಯುವವರು. ಬಡಿಯುವ ನಾಲಿಗೆ ಕೂಡ ಇಲ್ಲದ ತುಕ್ಕು ಕಬ್ಬಿಣ. ಅದರ ಮೇಲೆ ಕೈಯಿಟ್ಟು ಆಣೆ ಮಾಡಿ ತಪ್ಪಿದವನ ಬಾಯಿ ಕಿವಿಯವರೆಗೆ ಸೊಟ್ಟಗಾಗುತ್ತದೆ ಎಂದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಅರ್ಧ ಫೆಸ್ಟಸ್‌ಗೆ, ನನ್ನ ಮದುವೆಗೆ ಹೆಣ್ಣುಮಗಳ ಪಾಲು, ಎಂದು ನೀನು ಕೈಯಿಟ್ಟು ಹೇಳಿದೆ. ಕಾಗದ ಬರೆಯಲಿಲ್ಲ. ಬರೆಯುವ ಹಾಗೂ ಇರಲಿಲ್ಲ, ಯಾಕೆಂದರೆ ಕ್ಯಾಥೊಲಿಕ್ಕನ ಪರವಾಗಿ ಗುಟ್ಟಾಗಿ ಜಮೀನು ಹಿಡಿದುಕೊಳ್ಳುವುದು ಅಪರಾಧ. ರಾಜನ ಮತದ ಯಾವನೇ ದಾರಿಹೋಕ ಅದನ್ನು ಪತ್ತೆ ಮಾಡಿ ಕೋರ್ಟಿಗೆ ಹೇಳಿದರೂ ಆ ಜಮೀನು ಪತ್ತೆ ಮಾಡಿದವನಿಗೇ ಸೇರುತ್ತದೆ. "ಗಂಟೆ ಇರೋವಾಗ ಕಾಗದ ಯಾಕೆ?" ಎಂದರು ಅಪ್ಪ. ನಮ್ಮ ತಪ್ಪು ಅದೇ. ನಾಳೆ ಬೇರೆ ಮತಕ್ಕೆ ಹೋಗುವವನ ಕೈಯಿಂದ ಇವತ್ತಿನ ಮತದ ಮೇಲೆ ಆಣೆ ಹಾಕಿಸಿಕೊಂಡೆವು. ಇಷ್ಟು ಬುದ್ಧಿಗೇಡಿಗಳು ನಮ್ಮಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು?

ನೀನು ಡಬ್ಲಿನ್ನಿಗೆ ಹೋಗಿ, ರಾಜನ ಚರ್ಚಿನಲ್ಲಿ ರೊಟ್ಟಿಯ ಚೂರು ತಿಂದು, ಬಿಷಪ್ಪನ ಪ್ರಮಾಣಪತ್ರ ತಂದೆ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ ಫೆಸ್ಟಸ್, ಪಾಪ, ಹೊಳೆಯಾಚೆಯ ಹುಲ್ಲುಗಾವಲಲ್ಲಿ ಕುದುರೆಮರಿ ಸಾಕುತ್ತೇನೆ ಎಂದು ಏನೋ ಲೆಕ್ಕ ಹಾಕಿಕೊಂಡು ನಿನ್ನ ಹತ್ತಿರ ಬಂದ. ನೀನು ಕಿಟಕಿಯ ಕಡೆ ತಿರುಗಿಕೊಂಡೇ ಮಾತಾಡಿದೆ.

"ಯಾವ ಪಾಲು?"

"ಗಂಟೆ ಮುಟ್ಟಿದ್ಯಲ್ಲಣ್ಣ."

"ಅದು ತುಕ್ಕು ಕಬ್ಬಿಣ ಕಣೋ ಫೆಸ್ಟಸ್. ನಿಂಗೆ ಹತ್ತೊಂಬತ್ತಾಯ್ತು. ಇನ್ನಾದ್ರೂ ಬುದ್ಧಿ ಬೆಳೆಸ್ಕೋ."

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಮುನಿಸಿಕೊಂಡು ಮೂಲೆಯಲ್ಲಿ ಬಿದ್ದಿರುತ್ತಿದ್ದ. ಆದರೆ ಪಾಲು ಕೇಳುವ ಬಾಯಿ ಕಣ್ಣೆದುರಿಗೆ ಇರಬಾರದಲ್ಲ ನಿನಗೆ. ಮಾರನೆಯ ದಿನ ಹಾಡಹಗಲು, ಅಂಗಳದಲ್ಲಿ, ಆಳುಕಾಳುಗಳೆಲ್ಲ ನೋಡುತ್ತಿದ್ದಂತೆ ಅವನ ಬೂದು ಕುದುರೆ ಗ್ರಾನ್ಯಳ ಮುಂದೆ ಹೋಗಿ ನಿಂತೆ. ತಾಯಿಯ ಹೊಟ್ಟೆಯಿಂದ ಅವನೇ ಕೈಹಾಕಿ ಎಳೆದ ಮರಿ ಅದು. ಕ್ಯಾಥೊಲಿಕ್ಕನ ಕುದುರೆ ಎಂಥದ್ದೇ ಇರಲಿ, ರಾಜನ ಮತದವನು ಐದು ಪೌಂಡು ಚಾಚಿದರೆ ಬಿಟ್ಟುಕೊಡಬೇಕು, ಅದೂ ಕಾನೂನೇ. ಆ ಕಾನೂನನ್ನು ನಮ್ಮ ಅತಿ ಕೆಟ್ಟ ನೆರೆಯವನು ಕೂಡ ನಮ್ಮ ಮೇಲೆ ಎಂದೂ ಪ್ರಯೋಗಿಸಿರಲಿಲ್ಲ. ನೀನು ತೊಗಲಿನ ಚೀಲವನ್ನು ಕುದುರೆ ಹತ್ತುವ ಕಲ್ಲಿನ ಮೇಲಿಟ್ಟು, "ಐದಿದೆ. ಕಾನೂನು ಕಾನೂನೇ, ತಮ್ಮಾ," ಎಂದೆ.

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ದೇವರೇ ಎಂದು ಬೇಡಿಕೊಂಡೆ. ಅವನು ಲಗಾಮನ್ನು ನಿನ್ನ ಕೈಗೆ ಕೊಟ್ಟು, "ಎಡಗಿವಿ ಹಿಂದೆ ಕೆರೆದ್ರೆ ಅವಳಿಗೆ ಇಷ್ಟ. ಮರೀಬೇಡ," ಎಂದು ಹೇಳಿ ಗೇಟು ದಾಟಿ ನಡೆದ. ಚೀಲ ಕಲ್ಲಿನ ಮೇಲೇ ಇತ್ತು. ಗಾಲ್ವೇಗೆ ಹೋಗಿ ಹಡಗು ಹತ್ತಿ, ಫ್ರಾನ್ಸಿನ ದೊರೆಯ ಸೈನ್ಯ ಸೇರಿದ ಎಂದು ತಿಂಗಳಾದ ಮೇಲೆ ಗೊತ್ತಾಯಿತು.

ನನ್ನ ಪಾಲಿನ ಮಾತು ನಾನು ಎತ್ತಲೇ ಇಲ್ಲ. ನೋಡಲು ಬಂದಿದ್ದ ಗಂಡು ಎರಡು ಸಲ ಬಂದು ಮೂರನೆಯ ಸಲ ಬರಲಿಲ್ಲ. "ನೀನು ಹೋದ್ರೆ ಈ ಮನೆ ನಡೆಯುತ್ತಾ ಅಕ್ಕಾ?" ಎಂದು ಬೀಗದ ಕೈ ಗೊಂಚಲು ನನ್ನ ಸೊಂಟಕ್ಕೆ ಸಿಕ್ಕಿಸಿದೆ. ಸಂಬಳವಿಲ್ಲದ ಮನೆವಾರ್ತೆಯವಳು ನಿನಗೆ ಸಿಕ್ಕಳು. ನಾನು ಯಾಕೆ ಒಪ್ಪಿಕೊಂಡೆ ಗೊತ್ತೇ? ದಿನಾ ಊಟಕ್ಕೆ ನಿನ್ನ ಎದುರು ಕೂರಬಹುದು, ನಿನ್ನ ಬಾಯಿ ಯಾವತ್ತು ಸೊಟ್ಟಗಾಗುತ್ತದೆ ಎಂದು ನೋಡಬಹುದು. ಇಷ್ಟು ವರ್ಷ ನೋಡಿದೆ. ನಿನ್ನ ಗದ್ದ ಎರಡಾಯಿತು. ಬಾಯಿ ಮಾತ್ರ ನೆಟ್ಟಗೇ ಇತ್ತು.

ಹೋದ ಬೇಸಿಗೆಯಲ್ಲಿ ವೈನಿನ ಹಡಗಿನವನೊಬ್ಬ ಫೆಸ್ಟಸ್‌ನ ಪತ್ರ ತಂದುಕೊಟ್ಟ. ಯುದ್ಧದಲ್ಲಿ ಮೊಣಕಾಲು ಚೂರಾಗಿದೆ, ಪಟಾಲಮ್ಮಿನವರು ಮನೆಗೆ ಕಳಿಸಿದ್ದಾರೆ, ಆದರೆ ಮನೆ ಎಲ್ಲಿದೆ? ಯಾರದೋ ಲಾಯದಲ್ಲಿ ಸಗಣಿ ಬಾಚುತ್ತಿದ್ದಾನೆ. ಹುಲ್ಲುಗಾವಲಿನ ಅಂಚಿನ ಗುಡಿಸಲು ಕೊಟ್ಟರೂ ಸಾಕು, ಬರುತ್ತೇನೆ ಎಂದಿದ್ದ. ಕೊನೆಯಲ್ಲಿ, ಗ್ರಾನ್ಯ ಇನ್ನೂ ಇದ್ದಾಳೆಯೇ ಎಂದು ಕೇಳಿದ್ದ. ನಾನು ಆ ಪತ್ರವನ್ನು ಊಟದ ಮೇಜಿನ ಮೇಲೆ ನಿನ್ನ ಕೈಗೆ ಕೊಟ್ಟೆ. ನೀನು ಓದಿ, ಮಡಿಚಿ, ತಟ್ಟೆಯ ಕೆಳಗೆ ಸಿಕ್ಕಿಸಿದೆ.

"ಕುಂಟನಿಗೆ ಇಲ್ಲೇನು ಕೆಲ್ಸ ಅಕ್ಕಾ? ಆ ಸಾಸಿವೆ ಗೊಜ್ಜು ಈ ಕಡೆ ತಳ್ಳು."

ನಾನು ತಳ್ಳಿದೆ. ನಿನ್ನ ತುಟಿಗೆ ಸಾಸಿವೆ ಮೆತ್ತಿಕೊಂಡಿತ್ತು, ತುಟಿ ನೆಟ್ಟಗೇ ಇತ್ತು. ಗಂಟೆಯ ಕೈಯಲ್ಲಿ ಏನೂ ಆಗುವುದಿಲ್ಲ ಎಂದು ಅವತ್ತು ತಿಳಿಯಿತು. ಅದರ ಕೆಲಸವನ್ನು ನಾನೇ ಮಾಡಬೇಕಾಗಿತ್ತು.

ಈ ಚಳಿಗಾಲಕ್ಕೆಂದು ನೀನು ಡಬ್ಲಿನ್ನಿಗೆ ಹೊರಟ ಮರುವಾರ, ಭಾನುವಾರ ಬೆಳಿಗ್ಗೆ, ನಾನು ನಿನ್ನ ಚರ್ಚಿಗೆ ಹೋದೆ. ಹನ್ನೊಂದು ಜನ ಇದ್ದರು, ಪಾದ್ರಿಗೆ ನೆಗಡಿ. ಅಪ್ಪನ ಗೋರಿ ಆಚೆ ಬೆಟ್ಟದ ಮೇಲೆ ಕಾಣುತ್ತಿತ್ತು, ಅದಕ್ಕೆ ಬೆನ್ನು ಹಾಕಿ ಕೂತೆ. ರೊಟ್ಟಿ ತಿಂದೆ. ನೀನು ಅತ್ತು ತಿಂದದ್ದನ್ನು ನಾನು ಅಳದೆ ತಿಂದೆ. ಬಿಷಪ್ಪನ ಪ್ರಮಾಣಪತ್ರ ಬಂದಿದೆ, ದಾಖಲೂ ಆಗಿದೆ. ಮನೆಗೆ ಬಂದಾಗ ಅಡುಗೆಯ ಒನೋರ, ನಮ್ಮನ್ನೆಲ್ಲ ಎತ್ತಿ ಆಡಿಸಿದವಳು, ಸೌಟು ಕೆಳಗಿಟ್ಟಳು. "ಉಪ್ಪು ಎಲ್ಲಿದೆ, ಸಕ್ಕರೆ ಎಲ್ಲಿದೆ, ಇನ್ನು ನೀವೇ ಹುಡುಕ್ಕೊಳ್ಳಿ ಅಮ್ಮಾವ್ರೇ. ನನ್ನ ಕೈಲಾಗಲ್ಲ," ಎಂದು ಶಾಲು ಹೊದ್ದು ಹೊರಟುಹೋದಳು. ಈಗ ಈ ಊರಲ್ಲಿ ನನಗೆ ಯಾರೂ ಮುಖ ಕೊಡುವುದಿಲ್ಲ. ಗುಟ್ಟು ಪತ್ತೆ ಮಾಡಿ ಜಮೀನು ಕೇಳುವ ಹಕ್ಕು ಮಾತ್ರ ಬಂದಿದೆ.

ಸಾಕ್ಷಿ ಎಲ್ಲಿದೆ ಎಂದು ನಗಬೇಡ. ತಿರುಗಿದ ದಿನ ಸಂಜೆ ಡಬ್ಲಿನ್ನಿನಿಂದ ನೀನು ನನಗೊಂದು ಪತ್ರ ಬರೆದಿದ್ದೆ, ಮರೆತಿರಬೇಕು. "ಅಕ್ಕಾ, ಇವತ್ತು ಅವರ ರೊಟ್ಟಿ ತಿಂದೆ. ಡೆರಿಗೋರಲ್ಲಿ ನನ್ನದು ಅಂತ ಒಂದು ಹಿಡಿ ಮಣ್ಣೂ ಇಲ್ಲ, ಎಲ್ಲಾ ನಿಮ್ಮದು, ನಿಮಗೋಸ್ಕರ ಕಾಯ್ತಾ ಕೂತಿರೋನು ನಾನು. ನನ್ನ ಮೇಲೆ ಸಿಟ್ಟಾಗ್ಬೇಡಿ." ಕೆಳಗೆ ನಿನ್ನ ರುಜು, ತಾರೀಖು. ನೀನು ಜೀವಮಾನದಲ್ಲಿ ಬರೆದ ಒಂದೇ ಒಂದು ಒಳ್ಳೆಯ ಪತ್ರ ಅದು. ಕಣ್ಣೀರು ಬಿದ್ದು ಎರಡು ಅಕ್ಷರ ಕದಡಿವೆ. ಪ್ರೀತಿಯಿಂದ ಇಟ್ಟುಕೊಂಡಿದ್ದೆ ಕಣೋ. ನಿನ್ನನ್ನು ಶಪಿಸುವ ದಿನಗಳಲ್ಲೂ ತೆಗೆದು ಓದುತ್ತಿದ್ದೆ, ಇಂಥವನೂ ಒಬ್ಬ ಇದ್ದ ಎಂದು. ವಕೀಲ ಮೂರು ಸಲ ಓದಿ ತೊಡೆ ತಟ್ಟಿಕೊಂಡ. "ಅರ್ಧ ಕೇಳೋಕೆ ಬಂದ್ರಿ, ಪೂರ್ತಿ ಬರೆದುಕೊಟ್ಟಿದ್ದಾರಲ್ಲ ತಾಯಿ!"

ಫೆಸ್ಟಸ್‌ಗೆ ಬರೆದೆ. ನಾನೂ ತಿರುಗಿದ್ದೇನೆ, ಎಲ್ಲ ನನ್ನ ಹೆಸರಿಗೆ ಬರುತ್ತದೆ, ಕ್ಯಾಥೊಲಿಕ್ಕನಿಗೆ ಕಾನೂನು ಬಿಡುವಷ್ಟು, ಮೂವತ್ತೊಂದು ವರ್ಷ, ನಿನಗೆ ಗೇಣಿಗೆ ಕೊಡುತ್ತೇನೆ, ಹೊರಟು ಬಾ ಎಂದು. ಅವನ ಉತ್ತರ ಹೋದ ವಾರ ಬಂತು. ನಾಲ್ಕು ಸಾಲು. "ನನಗೊಬ್ಬ ಅಣ್ಣ ಇದ್ದ, ಒಬ್ಬಳು ಅಕ್ಕ ಇದ್ದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ನಾನು ಬರೋದಿಲ್ಲ. ಗ್ರಾನ್ಯಳನ್ನ ಮಾರಬೇಡಿ."

ಆ ಮಧ್ಯಾಹ್ನವೆಲ್ಲ ಮೇಜಿಗೆ ತಲೆಯಿಟ್ಟು ಅತ್ತೆ. ನಿನ್ನ ಹಳೆಯ ಪತ್ರವನ್ನು ವಕೀಲನಿಂದ ವಾಪಸು ತರಿಸಿ ಒಲೆಗೆ ಹಾಕಿಬಿಡಲೇ ಎಂದೂ ಯೋಚಿಸಿದೆ. ಬೇಡ ಅನ್ನಿಸಿತು. ಅವನಿಗಾಗಿ ಶುರು ಮಾಡಿದ್ದೆ, ನಿನಗಾಗಿ ಮುಗಿಸುತ್ತೇನೆ.

ಬರುವ ತಿಂಗಳು ಕೋರ್ಟಿನಲ್ಲಿ ನಿನ್ನ ಕೈಗೆ ಬೈಬಲ್ ಕೊಟ್ಟು, ಆ ಹಳೆಯ ಪತ್ರದ ಅಕ್ಷರ ನಿನ್ನದು ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಹೌದು ಎಂದರೆ ಡೆರಿಗೋರ್ ನನ್ನದು. ಅಲ್ಲ ಎಂದರೆ, ಹಳೆಯ ದೇವರಿಗೆ ಮಾಡಿದ್ದನ್ನೇ ಹೊಸ ದೇವರಿಗೂ ಮಾಡಿದ ಹಾಗಾಯಿತು. ನಿನ್ನ ಅಕ್ಷರ ಬಲ್ಲವರು ಡಬ್ಲಿನ್ನಿನಲ್ಲಿ ನೂರು ಜನ ಇದ್ದಾರೆ, ಆಮೇಲೆ ನಿನ್ನನ್ನು ಕುಣಿತಕ್ಕೆ ಯಾರು ಕರೆಯುತ್ತಾರೋ ನೋಡೋಣ. ಯಾವುದು ಬೇಕೋ ಆರಿಸಿಕೊ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಇದರ ಜೊತೆ ಒಂದು ತೊಗಲಿನ ಚೀಲ ಕಳಿಸಿದ್ದೇನೆ. ನೀನು ಕಲ್ಲಿನ ಮೇಲಿಟ್ಟಿದ್ದ ಅದೇ ಚೀಲ, ಹಾಗೇ ಕಟ್ಟಿಟ್ಟಿದ್ದೆ. ಐದಿದೆ, ಎಣಿಸಬೇಡ. ಡೆರಿಗೋರಿಗೆ ಬಂದು ನಿನ್ನ ಬಟ್ಟೆಬರೆ ತೆಗೆದುಕೊಂಡು ಹೋಗಲು ಬಾಡಿಗೆ ಗಾಡಿಗೆ ಸಾಕಾಗುತ್ತದೆ. ಲಾಯದ ಕಡೆ ಹೋಗಬೇಡ. ಗ್ರಾನ್ಯಳಿಗೆ ಈಗ ಒಂದು ಕಣ್ಣು ಕಾಣುವುದಿಲ್ಲ, ಎಡಗಿವಿಯ ಹಿಂದೆ ದಿನಾ ನಾನೇ ಕೆರೆಯುತ್ತೇನೆ.

ಹಿರಿಯಳಾಗಿ ಹರಸದೆ ಪತ್ರ ಮುಗಿಸಬಾರದು. ನೂರು ವರ್ಷ ಬಾಳು, ರೆಡ್ಮಂಡ್. ಬರುವ ತಿಂಗಳವರೆಗಾದರೂ ನಿನ್ನ ಬಾಯಿ ನೆಟ್ಟಗಿರಲಿ. ನೀನು ಹೇಳುವುದು ಕೋರ್ಟಿಗೆಲ್ಲ ಸ್ಪಷ್ಟವಾಗಿ ಕೇಳಿಸಬೇಕು.

ನಿನ್ನನ್ನು ಹೊತ್ತು ತಿರುಗಿದ,
ಅಕ್ಕ ಸಬೀನ