ಕೊನೆಯ ಅಂಕ ನಮ್ಮ ಮಾತಿನಲ್ಲಿ

ರೂಸೆ, ಬಲ್ಗೇರಿಯ, ಗುರುವಾರ
೨೬ ಸೆಪ್ಟೆಂಬರ್ ೧೯೬೮

ನನ್ನ ಬಂಗಾರ ಸೆವ್ದಾ,

ನಿನ್ನ ಕಾಗದ ನಿನ್ನೆ ಕೈಸೇರಿತು. ಓದಿ ಮೈಯೆಲ್ಲ ಉರಿಯಿತು. ಇಡೀ ಇಟಲಿಯ ಎದುರು ಮಾನ ಹೋಯಿತಂತೆ. ಅಕ್ಟೋಬರ್ ಹದಿಮೂರಕ್ಕೆ ಮತ್ತೆ ಹಾಡು ಎಂದು ಅಲ್ಲಿನ ರಂಗಮಂದಿರದವರೇ ಕೇಳಿಕೊಂಡರೂ ಆಗುವುದಿಲ್ಲವೆಂದು ಹೇಳಿ ರೈಲು ಹತ್ತುತ್ತೀಯಂತೆ. ಹೀಗೆ ಬರೆಯಲು ನಿನಗೆ ಕೈಯಾದರೂ ಹೇಗೆ ಬಂತೇ? ಹತ್ತಬೇಡ. ಮೊದಲು ಆ ಭಾನುವಾರ ಇಲ್ಲಿ ಏನಾಯಿತೆಂದು ಕೇಳು.

ನಿನ್ನ ತಂತಿ ಬಂದದ್ದೇ ತಡ, ನಿಮ್ಮಪ್ಪ ಇಡೀ ಕಟ್ಟಡಕ್ಕೆ ಡಂಗುರ ಹೊಡೆದರು. ಅಲ್ಲಿನ ದೊಡ್ಡ ಗಾಯಕಿಗೆ ಜ್ವರ, ಸಂಗೀತ ಕಲಿಯಲು ಹೋದ ನಮ್ಮ ಹುಡುಗಿಗೆ ಒಪೆರಾದಲ್ಲಿ ರಾಣಿಯ ಪಾತ್ರ, ಭಾನುವಾರ ಸಂಜೆ ನಾಲ್ಕಕ್ಕೆ ರೇಡಿಯೋದಲ್ಲಿ! ಅಂದು ಅಂಗಳದಲ್ಲಿ ಚಳಿಗಾಲಕ್ಕೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ದಿನ. ಕಿಟಕಿಯಲ್ಲಿ ರೇಡಿಯೋ ಇಟ್ಟೆವು. ಒಲೆಯ ಸುತ್ತ ಹದಿನೈದು ಜನ ಸೇರಿದರು.

ಮೂರು ಅಂಕ ನೀನು ಇಟಾಲಿಯನ್‌ನಲ್ಲಿ ಹಾಡಿದೆ. ಇಲ್ಲಿ ಮೂರು ವರ್ಷ ಬಲ್ಗೇರಿಯನ್‌ನಲ್ಲೇ ಹಾಡಿದ ಪಾತ್ರವನ್ನು ಐದೇ ದಿನದಲ್ಲಿ ಆ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದೆಯಲ್ಲ, ಅದೇ ನನಗೆ ಹೆಮ್ಮೆ. ಆದರೆ ಮೇಲಿನ ಮನೆಯ ಗ್ರೊಜ್ದಾನಾಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಸಿಪ್ಪೆ ಸುಲಿಯುತ್ತಲೇ ರಾಗ ಎಳೆದಳು: “ಏನೇ ರಯ್ನಾ, ನಿನ್ ಮಗಳು ಆಗಿಂದ ಒಂದೇ ಸಮ ಗೋಳಾಡ್ತಿದಾಳೆ. ಯಾರಾದ್ರೂ ಸತ್ರಾ?”

“ನೀನು ಸುಮ್ನಿದ್ರೆ ಯಾರೂ ಸಾಯಲ್ಲ, ಕೇಳಮ್ಮ!” ಎಂದು ನಿಮ್ಮಪ್ಪ ಗದರಿದರು.

ಆಮೇಲೆ ಕೊನೆಯ ಅಂಕ. ರಾಣಿಯನ್ನು ಕಾವಲಿನವರು ಎಳೆದೊಯ್ಯುವ ಜಾಗ. ವಾದ್ಯ ಬಂತು, ನಿನ್ನ ದನಿ ಬರಲಿಲ್ಲ. ಅಂಗಳದಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಮೂವತ್ತು ವರ್ಷ ರಂಗದ ಮುಂದಿನ ಗೂಡಿನಲ್ಲಿ ಕೂತು, ಸಾಲು ಮರೆತ ಗಾಯಕರಿಗೆಲ್ಲ ಎತ್ತಿಕೊಟ್ಟವಳು ನಾನು. ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಪಿಟ್ಟೆನ್ನದೆ ಕೂತಿದ್ದೆ.

ಅಷ್ಟರಲ್ಲಿ ನೀನು ಎತ್ತಿಕೊಂಡೆ: “ಕೈ ಬಿಡಿ, ನಾನೇ ನಡೆದು ಬರುತ್ತೇನೆ.” ಅಪ್ಪಟ ಬಲ್ಗೇರಿಯನ್‌ನಲ್ಲಿ!

ಗ್ರೊಜ್ದಾನಾ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. “ಅಯ್ಯಯ್ಯೋ, ನಮ್ ಮಾತು ಕಣ್ರೋ! ಅಷ್ಟು ದೂರದಲ್ಲಿ ಕೂತು ನಮ್ ಮಾತಲ್ಲಿ ಹಾಡ್ತಿದಾಳೆ!” ಕೊನೆಯ ಸಾಲಿನವರೆಗೂ ನೀನು ಭಾಷೆ ಬದಲಿಸಲಿಲ್ಲ, ಒಂದು ಸ್ವರವನ್ನೂ ಕೆಡಿಸಲಿಲ್ಲ. ಗ್ರೊಜ್ದಾನಾ ಎರಡು ಕೈಯಲ್ಲೂ ಮಸಿ ಇದೆಯೆಂಬುದನ್ನೇ ಮರೆತು ಕಣ್ಣೊರೆಸಿಕೊಂಡಳು. ಮೆಣಸಿನಕಾಯಿ ಅಷ್ಟೂ ಕರಿಕಲಾಯಿತು.

ಅಲ್ಲಿನ ಚಪ್ಪಾಳೆಯೆಲ್ಲ ಕನಿಕರದ್ದು ಎಂದಿದ್ದೀಯ. ಹೋಗೇ ಪೆದ್ದಿ! ಕನಿಕರಕ್ಕೆ ಜನ ಎರಡು ಸಲ ಕೈ ತಟ್ಟಿ ಕೋಟು ಹುಡುಕುತ್ತಾರೆ. ಅವರು ಹನ್ನೊಂದು ನಿಮಿಷ ತಟ್ಟಿದರು, ನಿಮ್ಮಪ್ಪ ಗಡಿಯಾರ ನೋಡಿದ್ದಾರೆ. ಆ ಜನಕ್ಕೆ ನಿನ್ನ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೂ ರಾಣಿಯ ಸಂಕಟ ತಲುಪಿತು ಎಂದರೆ, ಅದು ಹಾಡುಗಾರಿಕೆಯಲ್ಲದೆ ಮತ್ತೇನು?

ನೀನು ಎಲ್ಲಿಂದ ಬಂದವಳೆಂದು ನೆನಪಿಸಿಕೋ. ಅಕ್ಷರ ಕಲಿಯುವ ಮೊದಲೇ ಆ ಗೂಡಿನಲ್ಲಿ ನನ್ನ ಮಡಿಲಲ್ಲಿ ಕೂತು ನನ್ನ ಜೊತೆ ತುಟಿ ಆಡಿಸುತ್ತಿದ್ದೆ. ಆಮೇಲೆ ಮೇಳದ ಹಿಂದಿನ ಸಾಲು. ಆಮೇಲೆ ನಾಲ್ಕು ವರ್ಷ ತಟ್ಟೆ ಹಿಡಿದು ಬಂದು ಒಂದೇ ಸಾಲು ಹಾಡುವ ದಾಸಿ. ಅದನ್ನೂ ನೀನು ರಾಣಿಯ ಹಾಗೇ ಹಾಡುತ್ತೀಯೆಂದು ನಿಜವಾದ ರಾಣಿಯರು ನನ್ನ ಬಳಿ ದೂರುತ್ತಿದ್ದರು. ನನಗೋ ಒಳಗೊಳಗೇ ಖುಷಿ. ಇಷ್ಟೆಲ್ಲ ಮಾಡಿದವಳು ಹತ್ತು ಸಾಲು ಮರೆತಳೆಂದು ಗಂಟುಮೂಟೆ ಕಟ್ಟುತ್ತಾಳೆಯೇ?

ಹದಿಮೂರಕ್ಕೆ ಹಾಡುತ್ತೀಯ. ನಾನು ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಗಂಟಲಿಗೆ ಬಟ್ಟೆ ಸುತ್ತಿಕೋ, ತಣ್ಣೀರು ಕುಡಿಯಬೇಡ. ನಿಮ್ಮಪ್ಪ ಮುತ್ತು ಕಳಿಸಿದ್ದಾರೆ.

ನಿನ್ನಿಂದಾಗಿ ಬೀದಿಯಲ್ಲಿ ತಲೆಯೆತ್ತಿ ನಡೆಯುವ
ಅಮ್ಮ
ರಯ್ನಾ

ಮರೆತ ಮಾತು: ಪಿಟ್ಟೆನ್ನದೆ ಕೂತಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನ ದನಿ ನಿಂತ ತಕ್ಷಣ ನಾನು ಎದ್ದು ರೇಡಿಯೋಗೆ ಬಾಯಿಟ್ಟು “ಕೈ ಬಿಡಿ!” ಎಂದು ಕೂಗಿದೆ. ಮರುಕ್ಷಣ ನೀನು ಅದನ್ನೇ ಹಾಡಿದೆ. ಗ್ರೊಜ್ದಾನಾ ಸಾಕ್ಷಿ, ಅಂದಿನಿಂದ ನನ್ನನ್ನು ಕಂಡರೆ ಅವಳಿಗೆ ಭಯ. ಹಾಗಾಗಿ ತಪ್ಪು ನನ್ನದೇ, ಇಟಾಲಿಯನ್ ಬಿಟ್ಟು ನಮ್ಮ ಮಾತಿನಲ್ಲಿ ಎತ್ತಿಕೊಟ್ಟೆ. ನಿನ್ನೆಯಿಂದ ಆ ಭಾಷೆ ಬಲ್ಲ ಶಾಲೆಯ ಮೇಷ್ಟರನ್ನು ಕೂರಿಸಿಕೊಂಡು ಆ ಅಂಕವನ್ನು ಇಟಾಲಿಯನ್‌ನಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ. ಏಳು ಸಾಲು ಬಂದಿದೆ. ರೇಡಿಯೋದಲ್ಲಿ ಬರಲಿ ಬಿಡಲಿ, ಹದಿಮೂರನೇ ತಾರೀಕು ನಾಲ್ಕಕ್ಕೆ ನಾನು ಅದರ ಎದುರು ಕೂತಿರುತ್ತೇನೆ. ನೀನು ಧೈರ್ಯವಾಗಿ ಹಾಡು.